ಕಡಲೆಕಾಳಿನಷ್ಟು ಗಂಟು, ಬೆಟ್ಟದಷ್ಟು ಭಯ

ನಮ್ಮ ಚಿಕ್ಕಮ್ಮನಿಗೆ ಈಗ 63 ವರ್ಷ. ಎರಡು ವರ್ಷದ ಹಿಂದೆ ಕುತ್ತಿಗೆ ನೋವು ಅಂತ ಪೇಟೆ ಆಸ್ಪತ್ರೆಗೆ ಹೋದರು. ಸ್ಕ್ಯಾನಿಂಗ್‌ನಲ್ಲಿ ಥೈರಾಯ್ಡ್ ಗ್ರಂಥಿಯೊಳಗೆ 7 ಮಿಲಿಮೀಟರ್ ಗಂಟು ಕಂಡಿತು, ಹೆಚ್ಚುಕಮ್ಮಿ ಒಂದು ಕಡಲೆಕಾಳಿನಷ್ಟು. ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಪ್ಯಾಪಿಲರಿ ಕ್ಯಾನ್ಸರ್ ಅಂದರು. ಹದಿನೈದು ದಿನದಲ್ಲಿ ಇಡೀ ಗ್ರಂಥಿ ತೆಗೆದರು.

ಆಪರೇಷನ್ ಖರ್ಚು ಕಾರ್ಡಿನಲ್ಲಿ ಹೋಯಿತು. ಓಡಾಟಕ್ಕೆ ಅಂತ ಅಡವಿಟ್ಟ ಓಲೆ ಇನ್ನೂ ಬಿಡಿಸಿಲ್ಲ. ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಬದುಕಿರುವ ತನಕ. ಕ್ಯಾಲ್ಸಿಯಂ ಕಡಿಮೆಯಾಗಿ ಬೆರಳು ಜುಮ್ಮೆನ್ನುತ್ತವೆ.

"ಕಾದು ನೋಡಬಹುದು ಅಂತ ಯಾರಾದ್ರೂ ಹೇಳಿದ್ರಾ ಚಿಕ್ಕಮ್ಮ?" ಅಂದೆ.

"ಕ್ಯಾನ್ಸರ್ ಅಂದ್ಮೇಲೆ ಕಾಯೋದೇನ್ ಬಂತು ಮಗಾ?" ಅಂದರು.

ಡಾಕ್ಟರ್ ತಪ್ಪು ಮಾಡಿದರು ಅಂತ ನಾನು ಹೇಳುತ್ತಿಲ್ಲ. ಇನ್ನೊಂದು ದಾರಿ ಇದೆ ಅನ್ನುವ ಮಾತೇ ಬರಲಿಲ್ಲವಲ್ಲ, ಅದು ನನ್ನ ತಕರಾರು.

ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆ 1993ರಲ್ಲೇ ಈ ದಾರಿ ಹಿಡಿಯಿತು. ಒಂದು ಸೆಂಟಿಮೀಟರ್ ಮೀರದ ಪ್ಯಾಪಿಲರಿ ಗಂಟುಗಳನ್ನು ಕತ್ತರಿಸದೆ, ಸ್ಕ್ಯಾನಿಂಗ್ ಮಾಡುತ್ತಾ ಕಾದರು. 2014ರಲ್ಲಿ 1,235 ಜನರ ಲೆಕ್ಕ ಕೊಟ್ಟರು. ಹತ್ತು ವರ್ಷದಲ್ಲಿ ಗಂಟು 3 ಮಿ.ಮೀ. ಅಥವಾ ಹೆಚ್ಚು ಬೆಳೆದದ್ದು ನೂರಕ್ಕೆ 8 ಜನರಲ್ಲಿ. ಕುತ್ತಿಗೆಯ ಗ್ರಂಥಿಗಳಿಗೆ ಹರಡಿದ್ದು ಸುಮಾರು 4 ಜನರಲ್ಲಿ. ಆ ಕ್ಯಾನ್ಸರ್‌ನಿಂದ ಸತ್ತವರು ಒಬ್ಬರೂ ಇಲ್ಲ.

ದಕ್ಷಿಣ ಕೊರಿಯಾದ ಕಥೆ ಉಲ್ಟಾ. ಆರೋಗ್ಯವಾಗಿದ್ದವರ ಕುತ್ತಿಗೆಯನ್ನೂ ಸ್ಕ್ಯಾನ್ ಮಾಡಿದರು. 1993ಕ್ಕೆ ಹೋಲಿಸಿದರೆ 2011ರಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಇದ್ದಷ್ಟೇ ಇತ್ತು. ಆಪರೇಷನ್ ಆದವರಲ್ಲಿ ನೂರಕ್ಕೆ 11 ಜನರಿಗೆ ಕ್ಯಾಲ್ಸಿಯಂ ಕಾಯುವ ಗ್ರಂಥಿಗಳು ಕೆಟ್ಟವು, ಇಬ್ಬರಿಗೆ ಧ್ವನಿಯ ನರಕ್ಕೆ ಪೆಟ್ಟಾಯಿತು.

ಹಾಗಾದರೆ ಯಾವ ಗಂಟು ಸುಮ್ಮನಿರುತ್ತೆ, ಯಾವುದು ಏರಿ ಬರುತ್ತೆ? ಒಂದೇ ಪರೀಕ್ಷೆಯಲ್ಲಿ ಹೇಳಲು ಆಗಲ್ಲ. ಬಿಆರ್‌ಎಎಫ್ ಅನ್ನುವ ಜೀನ್ ಬದಲಾವಣೆ ಸುಮ್ಮನಿರುವ ಗಂಟುಗಳಲ್ಲೂ ಸಿಗುತ್ತದೆ, ಅದೊಂದನ್ನೇ ನಂಬಿ ತೀರ್ಮಾನಿಸುವಂತಿಲ್ಲ. ವಯಸ್ಸು ಒಂದು ಸುಳಿವು. ಅರವತ್ತು ದಾಟಿದವರಲ್ಲಿ ಬೆಳೆಯುವುದು ಕಡಿಮೆ, ನಲವತ್ತರೊಳಗಿನವರಲ್ಲಿ ಜಾಸ್ತಿ. ಗಂಟು ಕೂತಿರುವ ಜಾಗ ಇನ್ನೊಂದು ಸುಳಿವು. ಉಸಿರುನಾಳಕ್ಕೋ ಧ್ವನಿಯ ನರಕ್ಕೋ ಅಂಟಿಕೊಂಡಿದ್ದರೆ ಕಾಯುವುದು ಸರಿಯಲ್ಲ. ಇವೆಲ್ಲಕ್ಕಿಂತ ಚೆನ್ನಾಗಿ ಹೇಳುವುದು ಕಾಲ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಸ್ಕ್ಯಾನ್ ಮಾಡಿ ಅಳತೆ ಹೋಲಿಸಬೇಕು. ಬೆಳೆದರೆ ಆಗ ಆಪರೇಷನ್. ತಡವಾಗಿ ಆಪರೇಷನ್ ಮಾಡಿಸಿಕೊಂಡ ಜಪಾನಿನವರಿಗೂ ಜೀವಕ್ಕೆ ಕುತ್ತು ಬರಲಿಲ್ಲ.

"ನಮ್ಮೂರಲ್ಲಿ ಇದೆಲ್ಲ ಆಗುತ್ತಾ?" ಅಂತ ನೀವು ಕೇಳಬಹುದು. ಕೇಳಲೇಬೇಕು. ಆಯುಷ್ಮಾನ್ ಕಾರ್ಡ್ ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರ ಚಿಕಿತ್ಸೆಗೆ. ಕತ್ತರಿಸಿದರೆ ದುಡ್ಡು ಸಿಗುತ್ತದೆ, ಕಾಯುವವರು ಸ್ಕ್ಯಾನಿಂಗಿಗೆ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಓಡಾಡಬೇಕು. ಹೀಗಿದ್ದರೆ ಬಡವರಿಗೆ ಆಪರೇಷನ್ ಒಂದೇ ದಾರಿ. ತಾಲ್ಲೂಕು ಆಸ್ಪತ್ರೆಯಲ್ಲೇ ಪುಕ್ಕಟೆ ಸ್ಕ್ಯಾನಿಂಗ್, ನೋಡಿ ಹೇಳುವ ಡಾಕ್ಟರ್, ಹಳೇ ರಿಪೋರ್ಟಿನ ದಾಖಲೆ, ಇಷ್ಟಿದ್ದರೆ ಕಾಯುವುದೂ ಚಿಕಿತ್ಸೆಯೇ. ಸರ್ಕಾರ ಇದನ್ನು ಕೊಡಬೇಕು.

ಅಲ್ಲಿಯ ತನಕ ನಮ್ಮ ಕೈಲಾದದ್ದು ಇಷ್ಟು. ತೊಂದರೆ ಇಲ್ಲದಿದ್ದರೆ ಪ್ಯಾಕೇಜ್ ಆಸೆಗೆ ಕುತ್ತಿಗೆ ಸ್ಕ್ಯಾನ್ ಮಾಡಿಸಬೇಡಿ. ಆದರೆ ಗಂಟು ಕೈಗೆ ಸಿಕ್ಕರೆ, ಧ್ವನಿ ಬದಲಾದರೆ, ನುಂಗಲು ಕಷ್ಟವಾದರೆ ಒಂದು ದಿನವೂ ತಡ ಮಾಡಬೇಡಿ. ಚಿಕ್ಕ ಗಂಟಿಗೆ ಕ್ಯಾನ್ಸರ್ ಅಂದರೆ ಮೂರು ಪ್ರಶ್ನೆ ಕೇಳಿ: ಎಷ್ಟು ದಪ್ಪ ಇದೆ? ಎಲ್ಲಿ ಕೂತಿದೆ? ಕಾದು ನೋಡಬಹುದಾ?

ಮೂರನೆಯದನ್ನು ಚಿಕ್ಕಮ್ಮ ಕೇಳಲಿಲ್ಲ. ಕೇಳಬಹುದು ಅಂತ ಅವರಿಗೆ ಗೊತ್ತಿರಲಿಲ್ಲ.