ಪಾಚಿಯ ಮದ್ದು ಸೀಸೆಯಲ್ಲಿಲ್ಲ

ಮನೆಯಲ್ಲಿ ಚಿಕ್ಕದೊಂದು ಉಪ್ಪುನೀರಿನ ಅಕ್ವೇರಿಯಂ ಇರಿಸಿಕೊಂಡಿರುವ ನನ್ನ ಶಿಷ್ಯರಲ್ಲಿ ಕೆಲವರು, ಗಾಜಿಗೂ ಕಲ್ಲಿಗೂ ಹಬ್ಬುವ ಹಸಿರು ಪಾಚಿಯನ್ನು ಕೊಲ್ಲಲು ಯಾವ ಔಷಧಿ ಒಳ್ಳೆಯದೆಂದು ಕೇಳುತ್ತಾರೆ. ಯಾವುದೂ ಬೇಡವೆಂಬುದೇ ನನ್ನ ಅಭಿಪ್ರಾಯ.

ಮೀನು ತಿನ್ನದೆ ಬಿಟ್ಟ ಆಹಾರವೂ ಅದರ ಮಲವೂ ಕೊಳೆತಾಗ ನೀರಿಗೆ ನೈಟ್ರೇಟ್, ಫಾಸ್ಫೇಟ್‌ಗಳು ಸೇರುತ್ತವೆ. ಜೊತೆಗೆ ಬೆಳಕೂ ದೊರೆತರೆ ಪಾಚಿಗೆ ಇನ್ನೇನು ಬೇಕು? ಕಡಲಿನಲ್ಲಿ ಇವು ಅಪಾರ ಜಲರಾಶಿಯಲ್ಲಿ ಹಂಚಿಹೋಗುತ್ತವೆ. 40 ಲೀಟರಿನ ತೊಟ್ಟಿಯಲ್ಲಿ ಚಿಟಿಕೆ ಆಹಾರ ಹೆಚ್ಚಾದರೂ ಲೆಕ್ಕಕ್ಕೆ ಬರುತ್ತದೆ. ಔಷಧಿ ಸುರಿದರೆ ಸತ್ತ ಪಾಚಿ ಅಲ್ಲಿಯೇ ಕೊಳೆತು ನೀರಿನ ಆಮ್ಲಜನಕವನ್ನು ಹೀರುತ್ತದೆ, ಮುಂದಿನ ಪಾಚಿಗೆ ಗೊಬ್ಬರವಾಗುತ್ತದೆ. ಆ ಔಷಧಿಯಲ್ಲಿ ತಾಮ್ರವಿದ್ದರಂತೂ ಸೀಗಡಿ, ಬಸವನಹುಳು, ಹವಳಗಳು ಉಳಿಯುವುದು ಕಷ್ಟ.

ಆದುದರಿಂದ ಮೊದಲು ಪಾಚಿಯನ್ನು ಕೈಯಿಂದಲೇ ಕಿತ್ತು ಹೊರಹಾಕಿರಿ. ಆಹಾರವು ಒಂದೆರಡು ನಿಮಿಷಗಳಲ್ಲಿ ಮುಗಿಯುವಷ್ಟೇ ಇರಲಿ. ದೀಪ ದಿನಕ್ಕೆ 8 ಗಂಟೆ ಸಾಕು. ಕಿಟಕಿಯ ಬಿಸಿಲು ಬೇಡ. ವಾರಕ್ಕೊಮ್ಮೆ ಶೇಕಡ 10ರಷ್ಟು ನೀರು ಬದಲಿಸಿರಿ. ಕೊಳವೆಬಾವಿಯ ನೀರಿನಲ್ಲಿ ನೈಟ್ರೇಟ್ ಇರಬಹುದಾದ್ದರಿಂದ ಆರ್.ಓ. ನೀರಿಗೇ ಅಕ್ವೇರಿಯಂ ಉಪ್ಪನ್ನು ಬೆರೆಸಿರಿ; ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿರಲಿ. ಆವಿಯಾದ ನೀರಿನ ಬದಲಿಗೆ ಮಾತ್ರ ಉಪ್ಪಿಲ್ಲದ ನೀರನ್ನೇ ತುಂಬಬೇಕು, ಏಕೆಂದರೆ ಉಪ್ಪು ಆವಿಯಾಗದು. ಪಾಚಿ ಮೇಯುವ ಒಂದೆರಡು ಕಡಲ ಬಸವನಹುಳುಗಳಿದ್ದರೆ ಇನ್ನೂ ಒಳಿತು.

ಫಲ ಕಾಣಲು ಕೆಲವು ವಾರಗಳು ಹಿಡಿಯಬಹುದು. ಅಷ್ಟು ತಾಳ್ಮೆ ಇಲ್ಲದವರು ಕಡಲಿನ ಜೀವಿಗಳನ್ನು ಮನೆಗೆ ತರದಿರುವುದೇ ಮೇಲು. ಗಾಜು ಹೊಳೆಯಲೆಂದು ಒಂದು ಮೀನಿನ ಪ್ರಾಣವನ್ನು ಪಣಕ್ಕಿಡುವುದು ನ್ಯಾಯವೇ? ನೀವೇ ಯೋಚಿಸಿ ನೋಡಿ.