ವಿಂಡೋ ನಮ್ಮದಲ್ಲ, ಬಾಡಿಗೆಯದು

ಬಾಡಿಗೆ ಮನೆಯಲ್ಲಿ ಇದ್ದವರಿಗೆಲ್ಲ ಈ ಕಟ್ಟುಪಾಡು ಗೊತ್ತು. ಒಳಗೆ ಮಂಚ ಎಲ್ಲಿ ಹಾಕಬೇಕು, ಫ್ರಿಜ್ ಎಲ್ಲಿಡಬೇಕು ಅನ್ನೋದು ನಮ್ಮಿಷ್ಟ. ಆದರೆ ಗೋಡೆಗೆ ಮೊಳೆ ಹೊಡೀಬೇಕಂದ್ರೆ ಓನರ್‌ನ ಕೇಳಬೇಕು. ಗೇಟಿಗೆ ಎಷ್ಟು ಹೊತ್ತಿಗೆ ಬೀಗ, ಗಾಡಿ ಎಲ್ಲಿ ನಿಲ್ಲಿಸಬೇಕು, ಎಲ್ಲ ಅವರು ಹೇಳಿದಂತೆ. ಪಕ್ಕದ ಬೀದಿಗೆ ಮನೆ ಬದಲಿಸಿದರೆ ಓನರ್ ಬೇರೆ, ಷರತ್ತೂ ಬೇರೆ.

ನಿಮ್ಮ ಲ್ಯಾಪ್‌ಟಾಪ್ ಪರದೆ ಮೇಲೆ ತೆರೆದಿರುವ ಒಂದೊಂದು ವಿಂಡೋ ಕೂಡ ಇಂಥದ್ದೇ ಬಾಡಿಗೆ ಮನೆ. ಒಳಗೆ ಕಾಣುವುದೆಲ್ಲ ಆ ಆ್ಯಪ್‌ನದು. ಆದರೆ ಆ ವಿಂಡೋ ಪರದೆಯ ಯಾವ ಮೂಲೆಯಲ್ಲಿ ಕೂರಬೇಕು, ಯಾವುದರ ಮೇಲೆ ಬರಬೇಕು, ನೀವು ಒತ್ತುವ ಅಕ್ಷರ ಯಾರಿಗೆ ಹೋಗಬೇಕು ಅನ್ನೋದನ್ನೆಲ್ಲ ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಂ.

ನಾನು ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವ ಕೆಲಸದಲ್ಲಿದ್ದೇನೆ. ಒಂದೇ ಕೋಡನ್ನು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರ ಮೇಲೂ ಓಡಿಸುವುದು ನಮ್ಮ ಪಾಡು. "ಒಂದ್ಸಲ ಬರೆದ್ರೆ ಎಲ್ಲಾ ಕಡೆ ಓಡತ್ತಲ್ಲ, ಮತ್ತೆ ಟೈಮ್ ಯಾಕೆ ಬೇಕು?" ಎಂಬ ಪ್ರಶ್ನೆ ಪ್ರತಿ ಪ್ರಾಜೆಕ್ಟಿನಲ್ಲೂ ಬರುತ್ತದೆ. ಓಡತ್ತೆ, ನಿಜ. ಆದರೆ ಮೂರು ಮನೆಯ ಮೂರು ಓನರ್‌ಗಳ ಜೊತೆ ಹೊಂದಿಕೊಂಡು ಓಡಬೇಕು. ಹೊಂದಿಕೊಳ್ಳದಿದ್ದರೆ ಅದರ ಬೆಲೆ ತೆರುವವರು ಡೆವಲಪರ್‌ಗಳಲ್ಲ, ಆ್ಯಪ್ ಬಳಸುವವರು.

ಮಧ್ಯವರ್ತಿಗಳು

ಒಂದು ವಿಂಡೋ ಬೇಕು ಅಂತ ಕೇಳುವ ಭಾಷೆ ಮೂರೂ ಕಡೆ ಬೇರೆ. ವಿಂಡೋಸ್‌ನಲ್ಲಿ ಕ್ರಿಯೇಟ್‌ವಿಂಡೋ ಎಂಬ ಫಂಕ್ಷನ್, ಮ್ಯಾಕ್‌ನಲ್ಲಿ ಎನ್ಎಸ್‌ವಿಂಡೋ ಎಂಬ ವಸ್ತು. ಲಿನಕ್ಸ್‌ನಲ್ಲಿ ಎರಡು ದಾರಿ: 1984ರಲ್ಲಿ ಎಂಐಟಿಯಲ್ಲಿ ಶುರುವಾದ ಎಕ್ಸ್ ವಿಂಡೋ ಸಿಸ್ಟಂ ಒಂದು, 2008ರಲ್ಲಿ ಶುರುವಾದ ವೇಲ್ಯಾಂಡ್ ಇನ್ನೊಂದು. ಅಳತೆಯ ಲೆಕ್ಕವೂ ಒಂದೇ ಅಲ್ಲ. ವಿಂಡೋಸ್ ಪರದೆಯ ಮೇಲಿನ ಎಡ ಮೂಲೆಯಿಂದ ಕೆಳಗೆ ಎಣಿಸುತ್ತೆ, ಮ್ಯಾಕ್ ಕೆಳಗಿನ ಎಡ ಮೂಲೆಯಿಂದ ಮೇಲಕ್ಕೆ ಎಣಿಸುತ್ತೆ.

ಈ ರಗಳೆ ತಪ್ಪಿಸಲೆಂದೇ ಮಧ್ಯವರ್ತಿ ಲೈಬ್ರರಿಗಳು ಬಂದವು. ನಾರ್ವೆಯ ಇಬ್ಬರು ಗೆಳೆಯರು ಕಟ್ಟಿದ ಕ್ಯೂಟ್ 1995ರಲ್ಲಿ ಜನರ ಕೈಗೆ ಬಂತು. ಇವತ್ತು ನೀವು ಸಿನಿಮಾ ನೋಡುವ ವಿಎಲ್‌ಸಿ ಪ್ಲೇಯರ್ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ತನ್ನ ವಿಂಡೋ ತೆರೆಯುವುದು ಅದರಿಂದಲೇ. 1998ರಲ್ಲಿ ಸ್ಯಾಮ್ ಲ್ಯಾಂಟಿಂಗ ಎಂಬ ಪ್ರೋಗ್ರಾಮರ್ ಶುರುಮಾಡಿದ ಎಸ್‌ಡಿಎಲ್ ಮೇಲೆ ಎಷ್ಟೋ ಗೇಮ್‌ಗಳು ನಿಂತಿವೆ. ಗಿಟ್‌ಹಬ್ ತನ್ನ ಆ್ಯಟಮ್ ಎಡಿಟರ್‌ಗಾಗಿ 2013ರಲ್ಲಿ ಕಟ್ಟಿದ್ದು ಮುಂದೆ ಎಲೆಕ್ಟ್ರಾನ್ ಎಂಬ ಹೆಸರು ಪಡೆಯಿತು. ವಿಎಸ್ ಕೋಡ್, ಸ್ಲ್ಯಾಕ್, ಡಿಸ್ಕಾರ್ಡ್ ಎಲ್ಲ ಅದರ ಮೇಲಿವೆ.

ಇವುಗಳಲ್ಲಿ ವಿಂಡೋ ತೆರೆಯೋದು ಒಂದೆರಡು ಸಾಲಿನ ಕೆಲಸ. ಅಗಲ, ಎತ್ತರ ಹೇಳದಿದ್ದರೆ ಎಲೆಕ್ಟ್ರಾನ್ ತಾನೇ 800 ಅಗಲ, 600 ಎತ್ತರದ ವಿಂಡೋ ಕೊಡುತ್ತೆ. ಅಲ್ಲಿಯವರೆಗೂ ಎಲ್ಲ ಸಲೀಸು. ವ್ಯತ್ಯಾಸ ಕಾಣಿಸೋದು ಮನೆಯೊಳಗೆ ಹೋದ ಮೇಲೆ.

ಇಂಟು ಮಾರ್ಕಿನ ಅರ್ಥ

ವಿಂಡೋಸ್‌ನಲ್ಲಿ ಬಲ ಮೂಲೆಯ ಇಂಟು ಮಾರ್ಕ್ ಒತ್ತಿದರೆ ಸಾಮಾನ್ಯವಾಗಿ ಆ್ಯಪ್ ಮುಗೀತು ಅಂತಲೇ ಅರ್ಥ. ಮ್ಯಾಕ್‌ನಲ್ಲಿ ಎಡ ಮೂಲೆಯ ಕೆಂಪು ಗುಂಡಿ ಒತ್ತಿದರೆ ವಿಂಡೋ ಹೋಗುತ್ತೆ, ಆದರೆ ಹೆಚ್ಚಿನ ಆ್ಯಪ್‌ಗಳು ಕೆಳಗೆ ಡಾಕ್‌ನಲ್ಲಿ ಜೀವಂತ ಇರುತ್ತವೆ. ಕಂಪನಿ ಬದಲಿಸಿ ಮೊದಲ ಸಲ ಮ್ಯಾಕ್ ಸಿಕ್ಕವರು "ಎಷ್ಟು ಸಲ ಕ್ಲೋಸ್ ಮಾಡಿದ್ರೂ ಇದು ಹೋಗ್ತಾನೇ ಇಲ್ವಲ್ಲ" ಅಂತ ಗೊಣಗೋದು ಇದಕ್ಕೇ. ಎಲೆಕ್ಟ್ರಾನ್ ಕಲಿಯುವವರು ಬರೆಯುವ ಮೊದಲ ಪಾಠದಲ್ಲೇ ಇದಕ್ಕೊಂದು ಸಾಲಿದೆ: ಎಲ್ಲ ವಿಂಡೋ ಮುಚ್ಚಿದಾಗ, ಇದು ಮ್ಯಾಕ್ ಅಲ್ಲದಿದ್ದರೆ ಮಾತ್ರ ಆ್ಯಪ್ ನಿಲ್ಲಿಸು.

ಇನ್ನೊಂದು ಸೂಕ್ಷ್ಮ ಇದೆ. ಇಂಟು ಮಾರ್ಕ್ ಒತ್ತಿದ್ದು ಆಜ್ಞೆಯಲ್ಲ, ಕೋರಿಕೆ. "ಮುಚ್ಚಬೇಕಂತೆ, ಏನು ಮಾಡ್ತೀಯಾ?" ಅಂತ ಸಿಸ್ಟಂ ಆ್ಯಪ್‌ಗೆ ಹೇಳಿ ಕಳಿಸುತ್ತೆ. ಸೇವ್ ಆಗದ ಕೆಲಸ ಉಳಿದಿದ್ದರೆ ಆ್ಯಪ್ ಆಗ ತಡೆದು ಕೇಳಬಹುದು. ಮ್ಯಾಕ್‌ನಲ್ಲಿ ಇದಕ್ಕೆ ಚಂದದ ಗುರುತಿದೆ: ಫೈಲು ಸೇವ್ ಆಗಿಲ್ಲದಿದ್ದರೆ ಕೆಂಪು ಗುಂಡಿಯ ನಡುವೆ ಸಣ್ಣ ಚುಕ್ಕೆ ಕಾಣುತ್ತೆ. ವಿಂಡೋಸ್‌ನಲ್ಲಿ ಫೈಲಿನ ಹೆಸರಿನ ಪಕ್ಕ ನಕ್ಷತ್ರದ ಗುರುತು ಹಾಕುವ ರೂಢಿ. ಕ್ಯೂಟ್‌ನಲ್ಲಿ "ಈ ವಿಂಡೋದಲ್ಲಿ ಬದಲಾವಣೆ ಆಗಿದೆ" ಅಂತ ಒಂದು ಮಾತು ಹೇಳಿದರೆ ಸಾಕು, ಯಾವ ಮನೆಯಲ್ಲಿದ್ದೇನೆ ಅಂತ ನೋಡಿಕೊಂಡು ಅದೇ ಸರಿಯಾದ ಗುರುತು ಹಾಕುತ್ತೆ. ಒಳ್ಳೆಯ ಮಧ್ಯವರ್ತಿ ಅಂದ್ರೆ ಇದು. ಕಾಲಕ್ಕೆ ತಕ್ಕಂತೆ ನಡೆಯಬೇಕು, ತಾಳಕ್ಕೆ ತಕ್ಕಂತೆ ಕುಣಿಯಬೇಕು ಅಂತಾರಲ್ಲ, ಹಾಗೆ.

ಹಿಂದೆ ಅಡಗಿದ ಪ್ರಶ್ನೆ

ಆ್ಯಪ್ ಹೀಗೆ ತಡೆದು ಕೇಳುವ ಪ್ರಶ್ನೆ ಬಳಕೆದಾರರ ಕಣ್ಣಿಗೇ ಬೀಳದಿದ್ದರೆ?

ಒಂದು ಸಗಟು ಅಂಗಡಿಯ ಬಿಲ್ಲಿಂಗ್ ತಂತ್ರಾಂಶ ಪದೇ ಪದೇ ಹ್ಯಾಂಗ್ ಆಗ್ತಿದೆ ಅಂತ ನನ್ನನ್ನು ನೋಡೋಕೆ ಕಳಿಸಿದ್ದರು. ಅದನ್ನು ಬರೆದದ್ದು ಬೇರೆ ತಂಡ. ಕೌಂಟರಿನಲ್ಲಿ ಕೂರುವ ಅಕ್ಕ ಹೇಳಿದ್ದು ಇಷ್ಟು: "ಎಂಟ್ರಿ ಮಾಡ್ತಾ ಇರ್ತೀನಿ ಸರ್, ನಡುವೆ ಪಾರ್ಟಿಯವರ ಮೆಸೇಜ್ ನೋಡಿ ವಾಪಸ್ ಬಂದ್ರೆ ಎಲ್ಲಿ ಕ್ಲಿಕ್ ಮಾಡಿದ್ರೂ ತಗೊಳ್ಳಲ್ಲ. ಆಫ್ ಮಾಡಿ ಆನ್ ಮಾಡ್ಬೇಕು. ಹೊಡೆದಿದ್ದೆಲ್ಲ ಹೋಗಿರುತ್ತೆ." ಮಾಲೀಕರ ಅಭಿಪ್ರಾಯ ಬೇರೆ ಇತ್ತು. ಇವರಿಗೆ ಕಂಪ್ಯೂಟರ್ ಸರಿಯಾಗಿ ಬರಲ್ಲ, ಬೇರೆಯವರನ್ನ ನೋಡ್ಬೇಕು ಅಂತ ಅವರು ಆಗಲೇ ಮಾತಾಡುತ್ತಿದ್ದರು.

ಅರ್ಧ ಗಂಟೆ ಪಕ್ಕದಲ್ಲಿ ಕೂತು ನೋಡಿದಾಗ ವಿಷಯ ತಿಳಿಯಿತು. ಹ್ಯಾಂಗ್ ಆಗ್ತಾನೇ ಇರಲಿಲ್ಲ. ಸ್ಟಾಕ್ ಕಡಿಮೆ ಇದ್ದರೆ ತಂತ್ರಾಂಶ "ಮುಂದುವರಿಸಲೇ?" ಅಂತ ಒಂದು ಪುಟ್ಟ ಡಬ್ಬಿ ತೆರೆದು ಕೇಳುತ್ತಿತ್ತು. ಅದಕ್ಕೆ ಉತ್ತರ ಕೊಡುವವರೆಗೂ ಮುಖ್ಯ ವಿಂಡೋ ಏನನ್ನೂ ತಗೊಳ್ಳುತ್ತಿರಲಿಲ್ಲ. ಆದರೆ ಆ ಡಬ್ಬಿ ಯಾವ ವಿಂಡೋಗೆ ಸೇರಿದ್ದು ಅಂತ ಕೋಡಿನಲ್ಲಿ ಹೇಳಿರಲಿಲ್ಲ. ಸಿಸ್ಟಂ ಪಾಲಿಗೆ ಅದು ತಬ್ಬಲಿ. ಹಾಗಾಗಿ ಬೇರೆ ವಿಂಡೋಗೆ ಹೋಗಿ ಬಂದಾಗ ಮುಖ್ಯ ವಿಂಡೋ ಮುಂದೆ ಬಂದು, ಪ್ರಶ್ನೆ ಅದರ ಬೆನ್ನ ಹಿಂದೆ ಉಳಿದುಬಿಡುತ್ತಿತ್ತು. ಬರೆದ ತಂಡದವರ ಟೇಬಲ್ ಮೇಲಿದ್ದದ್ದು ದೊಡ್ಡ ಮಾನಿಟರ್, ಎರಡೂ ಪಕ್ಕಪಕ್ಕ ಕಾಣುತ್ತಿದ್ದವು. ಅಂಗಡಿಯಲ್ಲಿದ್ದದ್ದು ಚಿಕ್ಕ ಪರದೆ, ಬಿಲ್ಲಿಂಗ್ ವಿಂಡೋ ಅದರ ತುಂಬ ಹರಡಿಕೊಂಡಿತ್ತು.

ಸರಿಪಡಿಸಲು ಬೇಕಾದದ್ದು ಒಂದೇ ಒಂದು ಬದಲಾವಣೆ. ಆ ಡಬ್ಬಿಗೆ "ನಿನ್ನ ತಾಯಿ ವಿಂಡೋ ಇದು" ಅಂತ ಹೇಳುವುದು. ಕ್ಯೂಟ್ ಇರಲಿ, ಎಲೆಕ್ಟ್ರಾನ್ ಇರಲಿ, ಎಲ್ಲದರಲ್ಲೂ ಇದಕ್ಕೆ ಜಾಗವಿದೆ. ಹೇಳಿಬಿಟ್ಟರೆ ವಿಂಡೋಸ್ ಅದನ್ನು ಯಾವತ್ತೂ ತಾಯಿಯ ಮುಂದೆಯೇ ಇಡುತ್ತೆ. ಮ್ಯಾಕ್‌ನಲ್ಲಾದರೆ ಅದನ್ನು ತಾಯಿ ವಿಂಡೋಗೇ ಅಂಟಿಸಿ ತೋರಿಸಬಹುದು. ಬದಲಾವಣೆ ಆದ ಮೇಲೆ ಆ ಕೌಂಟರಿನಿಂದ ದೂರು ಬರಲಿಲ್ಲ. ಅಕ್ಕನ ಕೆಲಸಕ್ಕೂ ಏನೂ ಆಗಲಿಲ್ಲ. ಆದರೆ ಅಷ್ಟು ದಿನ ಅವರು ಕೇಳಿಸಿಕೊಂಡ ಮಾತಿಗೆ ಲೆಕ್ಕ ಇಟ್ಟವರಿಲ್ಲ.

ಕಾಣೆಯಾದ ವಿಂಡೋ

ಇದು ನಿಮಗೂ ಆಗಿರುತ್ತೆ. ಆಫೀಸಿನಲ್ಲಿ ಲ್ಯಾಪ್‌ಟಾಪ್‌ಗೆ ದೊಡ್ಡ ಮಾನಿಟರ್ ಜೋಡಿಸಿ ಕೆಲಸ ಮಾಡ್ತೀರಿ. ಮನೆಗೆ ಬಂದು ತೆರೆದರೆ ಆ್ಯಪ್ ಟಾಸ್ಕ್‌ಬಾರ್‌ನಲ್ಲಿದೆ, ಪರದೆ ಮೇಲೆ ಮಾತ್ರ ಇಲ್ಲ. ಕೊನೆಯ ಸಲ ತಾನು ಇದ್ದ ಜಾಗವನ್ನು ಆ್ಯಪ್ ಬರೆದಿಟ್ಟುಕೊಂಡಿದೆ, ಈಗ ಹೋಗಿ ಅಲ್ಲೇ ಕೂತಿದೆ. ಆ ಜಾಗ ಆಫೀಸಿನ ಮಾನಿಟರ್ ಮೇಲಿತ್ತು ಅಷ್ಟೇ. ವಿಂಡೋಸ್ ಆದರೆ ಆಲ್ಟ್ ಮತ್ತು ಟ್ಯಾಬ್ ಒತ್ತಿ ಅದನ್ನು ಆರಿಸಿ, ನಂತರ ವಿಂಡೋಸ್ ಕೀ, ಶಿಫ್ಟ್ ಜೊತೆ ಎಡ ಅಥವಾ ಬಲ ಬಾಣ ಒತ್ತಿ ನೋಡಿ. ಹೆಚ್ಚಿನ ಸಲ ಓಡಿ ಬರುತ್ತೆ.

ಬರೆಯುವವರು ಮಾಡಬೇಕಾದದ್ದೂ ದೊಡ್ಡದಲ್ಲ. ಹಳೆಯ ಜಾಗಕ್ಕೆ ಕಳಿಸುವ ಮೊದಲು ಆ ಜಾಗ ಈಗ ಇರುವ ಯಾವುದಾದರೂ ಪರದೆಯ ಮೇಲಿದೆಯೇ ಅಂತ ನೋಡಬೇಕು, ಇಲ್ಲದಿದ್ದರೆ ನಡುವೆ ತೆರೆಯಬೇಕು. ವೇಲ್ಯಾಂಡ್‌ನಲ್ಲಿ ಆ ಚಿಂತೆಯೇ ಇಲ್ಲ, ಯಾಕಂದರೆ ಅಲ್ಲಿ ಸಾಮಾನ್ಯ ಆ್ಯಪ್‌ಗೆ ತಾನು ಪರದೆಯ ಎಲ್ಲಿದ್ದೇನೆ ಅಂತ ತಿಳಿಯುವ ಹಕ್ಕೂ ಇಲ್ಲ, ಇಂಥಲ್ಲೇ ಕೂರಿಸು ಅಂತ ಹಟ ಹಿಡಿಯುವ ಹಕ್ಕೂ ಇಲ್ಲ. ಈಗಿನ ಉಬುಂಟು, ಫೆಡೋರಾ ಹಾಕಿಕೊಂಡರೆ ಸಿಗುವುದು ಇದೇ ವ್ಯವಸ್ಥೆ.

ನಡುವೆ ನುಗ್ಗಬೇಡಿ

ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುತ್ತಿದ್ದೀರಿ. ಅರ್ಧದಲ್ಲಿ ಆಫೀಸಿನ ಚಾಟ್ ವಿಂಡೋ ಮುಂದೆ ಹಾರಿ ಬರುತ್ತೆ. ಕಣ್ಣು ಕೀಬೋರ್ಡ್ ಮೇಲಿದೆ, ಉಳಿದರ್ಧ ಪಾಸ್‌ವರ್ಡ್ ಎಂಟರ್ ಸಮೇತ ಗ್ರೂಪಿಗೆ ಹೋಯಿತು. ಇಂಥದ್ದು ಆಗಬಾರದು ಅಂತಲೇ ಓನರ್‌ಗಳು ಈ ವಿಷಯದಲ್ಲಿ ಬಿಗಿಯಾಗಿದ್ದಾರೆ. ಹಿಂದಿರುವ ಆ್ಯಪ್ "ನನ್ನನ್ನು ಮುಂದೆ ತಾ" ಅಂತ ಕೇಳಿದರೆ ವಿಂಡೋಸ್ ಹೆಚ್ಚಾಗಿ ಒಪ್ಪಲ್ಲ, ಟಾಸ್ಕ್‌ಬಾರ್‌ನಲ್ಲಿ ಅದರ ಐಕಾನ್ ಮಿನುಗಿಸಿ ಸುಮ್ಮನಾಗುತ್ತೆ. ಮ್ಯಾಕ್‌ನಲ್ಲಿ ಐಕಾನ್ ಡಾಕ್‌ನಲ್ಲಿ ಕುಣಿಯುತ್ತೆ. ವೇಲ್ಯಾಂಡ್‌ನಲ್ಲಿ, ನೀವೇ ಏನಾದರೂ ಕ್ಲಿಕ್ ಮಾಡಿದ್ದರಿಂದ ಸಿಕ್ಕ ಟೋಕನ್ ತೋರಿಸಿದರೆ ವಿಚಾರ ಮಾಡ್ತಾರೆ.

"ನಮ್ಮ ಆ್ಯಪ್ ಯಾವಾಗಲೂ ಮುಂದೆ ಬರಬೇಕು" ಅಂತ ಗ್ರಾಹಕರು ಕೇಳಿದಾಗಲೆಲ್ಲ ನಾನು ಇದನ್ನೇ ವಿವರಿಸುತ್ತೇನೆ. ಎಲ್ಲರೂ ಹಾಗೆ ಕೇಳಿದರೆ ಪರದೆ ಸಂತೆಯಾಗುತ್ತೆ. ಹಳೆಯ ಎಕ್ಸ್ ವ್ಯವಸ್ಥೆಯಲ್ಲಂತೂ ಒಂದು ಆ್ಯಪ್ ಇನ್ನೊಂದರಲ್ಲಿ ನೀವು ಟೈಪ್ ಮಾಡಿದ್ದನ್ನೂ ಕದ್ದು ಓದಬಹುದಿತ್ತು. ವೇಲ್ಯಾಂಡ್ ನಡುವೆ ಗೋಡೆ ಎಬ್ಬಿಸಿತು. ಡೆವಲಪರ್‌ಗಳಿಗೆ ಅದು ಕಿರಿಕಿರಿ, ಬಳಸುವವರಿಗೆ ರಕ್ಷಣೆ.

ಒತ್ತಕ್ಷರಕ್ಕೂ ಜಾಗ ಬೇಕು

ಕನ್ನಡದಲ್ಲಿ ತಂತ್ರಾಂಶ ಕೊಡುವವರು ನೆನಪಿಡಬೇಕಾದ ಮಾತು ಒಂದಿದೆ. ಇಂಗ್ಲಿಷಿಗೆ ಅಂತ ಅಳತೆ ಮಾಡಿ, ದೊಡ್ಡದು ಚಿಕ್ಕದು ಮಾಡಲಾಗದಂತೆ ಬಿಗಿದ ವಿಂಡೋದಲ್ಲಿ ಕನ್ನಡ ಕೂರಲ್ಲ. ನಮ್ಮ ಪದಗಳು ಉದ್ದ, ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಅಕ್ಷರಶೈಲಿಯೂ ಮನೆಗೊಂದು: ವಿಂಡೋಸ್‌ನಲ್ಲಿ ತುಂಗಾ, ನಿರ್ಮಲಾ ಯುಐ, ಮ್ಯಾಕ್‌ನಲ್ಲಿ ಕನ್ನಡ ಸಂಗಂ ಎಂಎನ್, ಲಿನಕ್ಸ್‌ನಲ್ಲಿ ಲೋಹಿತ್, ನೋಟೋ. ಎತ್ತರ ಒಂದೊಂದರದೂ ಒಂದೊಂದು. ಜೊತೆಗೆ ಪರದೆಯನ್ನು 125 ಅಥವಾ 150 ಪರ್ಸೆಂಟ್ ದೊಡ್ಡದು ಮಾಡಿಕೊಂಡವರು ಇರ್ತಾರೆ. ಆಗ ಪಿಕ್ಸೆಲ್ ಲೆಕ್ಕದಲ್ಲಿ ಗಟ್ಟಿಮಾಡಿದ ಗುಂಡಿಯಲ್ಲಿ "ಒಪ್ಪಿಗೆ"ಯ ಒತ್ತು ಕತ್ತರಿಸಿ ಹೋಗಿ "ಒಪಿಗೆ" ಆಗುತ್ತೆ. ಪದಕ್ಕೆ ತಕ್ಕಂತೆ ವಿಂಡೋ ಹಿಗ್ಗಲು ಬಿಡುವುದೇ ಇದಕ್ಕೆ ಮದ್ದು, ಮತ್ತು ಅದು ಎಲ್ಲ ಲೈಬ್ರರಿಗಳಲ್ಲೂ ಇದೆ.

ದೂರು ಕೊಡುವಾಗ

ಓದುಗರಲ್ಲಿ ಕೋಡ್ ಬರೆಯುವವರಿಗೆ ನನ್ನ ಮಾತು ಇಷ್ಟೇ. ನಿಮ್ಮ ಆ್ಯಪನ್ನು ನಿಮ್ಮ ಮಾನಿಟರ್ ಮೇಲಷ್ಟೇ ನೋಡಬೇಡಿ. ಒಂದು ಹಳೆಯ ಚಿಕ್ಕ ಲ್ಯಾಪ್‌ಟಾಪಿನಲ್ಲಿ ವಿಂಡೋವನ್ನು ಪೂರ್ತಿ ಹರಡಿ, ಮಾನಿಟರ್ ಕಿತ್ತು ಮತ್ತೆ ಜೋಡಿಸಿ, ಅಕ್ಷರ ದೊಡ್ಡದು ಮಾಡಿ ಒಮ್ಮೆ ಬಳಸಿ. ಕೆಲಸವನ್ನು ಆಗಾಗ ತಾನಾಗಿಯೇ ಸೇವ್ ಮಾಡುವಂತೆ ಬರೆಯಿರಿ. ಕರೆಂಟ್ ಹೋಗುವ ಮುಂಚೆ "ಮುಚ್ಚಲೇ?" ಅಂತ ಯಾರೂ ಕೇಳಲ್ಲ.

ಬಳಸುವವರಿಗೂ ಒಂದು ಮಾತು. ಮುಂದಿನ ಸಲ ದೂರು ಬರೆಯುವಾಗ "ಹ್ಯಾಂಗ್ ಆಯ್ತು" ಅಂತ ಮುಗಿಸಬೇಡಿ. ಯಾವ ಸಿಸ್ಟಂ, ಎಷ್ಟು ಮಾನಿಟರ್, ಪರದೆ ಎಷ್ಟು ಪರ್ಸೆಂಟ್ ದೊಡ್ಡದು ಮಾಡಿದ್ದೀರಿ, ಅದಕ್ಕೆ ಸ್ವಲ್ಪ ಮುಂಚೆ ಬೇರೆ ಯಾವ ವಿಂಡೋಗೆ ಹೋಗಿದ್ರಿ, ಇಷ್ಟನ್ನು ಬರೆಯಿರಿ. ಪವರ್ ಬಟನ್ ಒತ್ತುವ ಮೊದಲು ಆಲ್ಟ್ ಟ್ಯಾಬ್ ಒಮ್ಮೆ ಒತ್ತಿ ನೋಡಿ, ಹಿಂದೆ ಯಾವುದಾದರೂ ಪ್ರಶ್ನೆ ನಿಮ್ಮ ಉತ್ತರಕ್ಕೆ ಕಾಯುತ್ತಿರಬಹುದು. ಮತ್ತೆ ಪಕ್ಕದ ಸೀಟಿನವರ ಕಂಪ್ಯೂಟರ್ ನಿಂತುಹೋದರೆ, ಅವರಿಗೆ ಬರಲ್ಲ ಅಂತ ತೀರ್ಮಾನ ಮಾಡುವ ಮುಂಚೆ ಅಲ್ಲೂ ಹಾಗೆ ಒಮ್ಮೆ ಒತ್ತಿ ನೋಡಿ.