ಮನೆಯವರೇ ಇಲ್ಲದ ಹೋಮ್‌ಸ್ಟೇ

ಬೆಟ್ಟದ ನೆತ್ತಿಯಲ್ಲಿ ಒಂಟಿ ಕಾಟೇಜು. ಮುಂದೆ ಮಂಜು, ಹಿಂದೆ ಕಾಫಿ ತೋಟ. ಒಳಗೆ ಗ್ಯಾಸ್, ಫ್ರಿಡ್ಜ್, ಮಿಕ್ಸಿ, ಪಾತ್ರೆಪಗಡ ಎಲ್ಲ ಇದೆ. ‘ನಿಮ್ಮ ಅಡುಗೆ ನೀವೇ ಮಾಡಿಕೊಳ್ಳಿ, ಯಾರ ಕಾಟವೂ ಇಲ್ಲ, ಎರಡು ದಿನ ಆರಾಮಾಗಿರಿ.’ ಇಂಥ ಜಾಹೀರಾತು ನಿಮ್ಮ ಫೋನಿಗೂ ಬಂದಿರುತ್ತದೆ. ನೀವು ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯವರಾದರೆ ಫೋಟೋದಲ್ಲಿರುವ ಗುಡ್ಡ ಯಾವುದು ಅಂತಲೂ ಗೊತ್ತಾಗಿರುತ್ತದೆ.

‘ಯಾರ ಕಾಟವೂ ಇಲ್ಲ’ ಎಂಬ ಮಾತನ್ನು ಇನ್ನೊಮ್ಮೆ ಓದಿ. ಆ ‘ಯಾರು’ ಅಂದರೆ ನಾವೇ, ಊರಿನವರು.

ರಜೆಗೆ ಬರುವವರ ಮೇಲೆ ನಮಗೆ ಸಿಟ್ಟಿಲ್ಲ. ವಾರವಿಡೀ ಟ್ರಾಫಿಕ್ಕಿನಲ್ಲಿ ಬೆಂದವರು ಎರಡು ದಿನ ತಣ್ಣಗಿರಲಿ. ನಮ್ಮ ತಕರಾರು ಮಾಲೀಕರ ಮೇಲೆ, ಅವರಿಗೆ ಕಣ್ಣುಮುಚ್ಚಿ ಸಹಿ ಹಾಕಿಕೊಡುವವರ ಮೇಲೆ. ಮನೆಯವರು ವಾಸವೇ ಇಲ್ಲದ ಕಾಟೇಜಿಗೆ ‘ಹೋಮ್‌ಸ್ಟೇ’ ಅಂತ ಬೋರ್ಡು ಹಾಕಲು ಬಿಡಬಾರದು. ಅದು ಲಾಡ್ಜು. ಲಾಡ್ಜಿನ ಲೈಸೆನ್ಸು, ಲಾಡ್ಜಿನ ತೆರಿಗೆ, ಲಾಡ್ಜಿನ ಜವಾಬ್ದಾರಿ ಎಲ್ಲವೂ ಅದಕ್ಕಿರಬೇಕು.

ಇದು ನಮ್ಮ ಸ್ವಂತ ವ್ಯಾಖ್ಯಾನವೇನಲ್ಲ. ಹೋಮ್‌ಸ್ಟೇಗೆ ಮಾನ್ಯತೆ ಕೊಡಲು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಮಾಡಿರುವ ಮಾರ್ಗಸೂಚಿಯಲ್ಲೇ ಇದೆ: ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು, ಬಾಡಿಗೆಗೆ ಕೊಡುವ ಕೋಣೆ ಹೆಚ್ಚೆಂದರೆ 6, ಹಾಸಿಗೆ 12. ನಿಮ್ಮೂರಿನಲ್ಲಿ ಹೋಮ್‌ಸ್ಟೇ ಬೋರ್ಡು ಹಾಕಿಕೊಂಡವರಲ್ಲಿ ಎಷ್ಟು ಜನರ ರೇಷನ್ ಕಾರ್ಡು ಅದೇ ಊರಿನಲ್ಲಿದೆ? ಲೆಕ್ಕ ಹಾಕಿ ನೋಡಿ.

ಹೋಮ್‌ಸ್ಟೇ ಹುಟ್ಟಿದ್ದು ಹೀಗಲ್ಲ. 2000ದ ನಂತರದ ಕೆಲವು ವರ್ಷ ಕಾಫಿ ಬೆಲೆ ನೆಲಕಚ್ಚಿದಾಗ ಎಷ್ಟೋ ಬೆಳೆಗಾರರ ಮನೆಗಳಲ್ಲಿ ಖಾಲಿ ಇದ್ದ ಕೋಣೆಗೆ ಸುಣ್ಣ ಹೊಡೆದು ನೆಂಟರಂತೆ ಅತಿಥಿಗಳನ್ನು ಇಟ್ಟುಕೊಂಡರು. ಮನೆಯ ಹೆಂಗಸರು ಅಕ್ಕಿ ರೊಟ್ಟಿ ತಟ್ಟಿದರು, ಕಡುಬು ಬೇಯಿಸಿದರು. ಪಕ್ಕದ ಮನೆಯಿಂದ ಹಾಲು ಬಂತು, ಕೆಳಗಿನ ಮನೆಯಿಂದ ನಾಟಿ ಕೋಳಿ, ಮೊಟ್ಟೆ. ಅತಿಥಿ ಕೊಟ್ಟ ದುಡ್ಡು ನಾಲ್ಕು ಮನೆಗೆ ಹಂಚಿಹೋಯಿತು. ರಾತ್ರಿ ಹತ್ತರ ಮೇಲೆ ಸ್ಪೀಕರ್ ಹಾಕಿದರೆ ‘ಸಾಕು ಮಲಗಿ’ ಅನ್ನಲು ಮನೆಯಲ್ಲಿ ಒಬ್ಬ ಹಿರಿಯರಿದ್ದರು.

ಈಗಿನ ‘ಅಡುಗೆ ನೀವೇ ಮಾಡಿಕೊಳ್ಳಿ’ ಕಾಟೇಜಿನ ಲೆಕ್ಕ ನೋಡಿ. ಶುಕ್ರವಾರ ರಾತ್ರಿ ಕಾರು ಬರುತ್ತದೆ. ಅಕ್ಕಿ, ಎಣ್ಣೆ, ಮಸಾಲೆ ಹಚ್ಚಿದ ಕೋಳಿ, ನೀರಿನ ಬಾಟಲಿ, ಕೊನೆಗೆ ಈರುಳ್ಳಿ ಕೂಡ ಬೆಂಗಳೂರಿನ ಸೂಪರ್ ಮಾರ್ಕೆಟ್ಟಿನಿಂದಲೇ ಬರುತ್ತದೆ. ಬಾಡಿಗೆ ಆ್ಯಪಿನ ಮೂಲಕ ಪೇಟೆಯಲ್ಲಿರುವ ಮಾಲೀಕರ ಖಾತೆಗೆ ಹೋಗುತ್ತದೆ. ಭಾನುವಾರ ಮಧ್ಯಾಹ್ನ ಕಾರು ಹಗುರಾಗಿ ಇಳಿಯುತ್ತದೆ. ಊರಿಗೆ ಉಳಿಯುವುದು ಕೇರ್‌ಟೇಕರ್ ಹುಡುಗನ ಸಂಬಳ ಮತ್ತು ಆ ಚೀಲಗಳ ಪ್ಲಾಸ್ಟಿಕ್ಕು.

ಆ ಪ್ಲಾಸ್ಟಿಕ್ಕು ಎಲ್ಲಿಗೆ ಹೋಗುತ್ತದೆ? ಪಂಚಾಯಿತಿಯ ಕಸದ ಗಾಡಿ ಆ ಏರು ರಸ್ತೆ ಹತ್ತುವುದು ಕಡಿಮೆ. ಒಂದೋ ಬೆಂಕಿ ಹಾಕುತ್ತಾರೆ, ಇಲ್ಲವೇ ಕೊಲ್ಲಿಗೆ ಎಸೆಯುತ್ತಾರೆ. ಮಳೆಗಾಲದಲ್ಲಿ ಅದೇ ಕೊಲ್ಲಿಯ ನೀರು ನಿಮ್ಮ ಗದ್ದೆಗೆ ಇಳಿಯುತ್ತದೆ. ಬಾಟಲಿ ಚೂರು ಮೊದಲು ಚುಚ್ಚುವುದು ನಾಟಿ ಮಾಡುವವರ ಕಾಲಿಗೆ.

ಇನ್ನು ನೀರು. 10 ಮೀಟರ್ ಉದ್ದ, 5 ಮೀಟರ್ ಅಗಲ, 1.2 ಮೀಟರ್ ಆಳದ ಸಣ್ಣ ಈಜುಕೊಳ ತುಂಬಲು 60 ಸಾವಿರ ಲೀಟರ್ ಬೇಕು. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಕೊಡಬೇಕೆಂದು ಹೇಳುವುದು 55 ಲೀಟರ್. ಅಂದರೆ ಒಂದು ಈಜುಕೊಳದ ನೀರಿನಲ್ಲಿ ಐದು ಜನರ ಕುಟುಂಬ ಏಳು ತಿಂಗಳು ಬದುಕಬಹುದು. ಮಾರ್ಚ್, ಏಪ್ರಿಲ್‌ನಲ್ಲಿ ಕೆಳಗಿನ ಮನೆಗಳ ಬಾವಿ ತಳ ಕಾಣುವ ಹೊತ್ತಿಗೇ ಮೇಲಿನ ಕಾಟೇಜುಗಳಲ್ಲಿ ಬೇಸಿಗೆ ರಜೆಯ ಸೀಸನ್ ಶುರುವಾಗುತ್ತದೆ.

ಎಲ್ಲಕ್ಕಿಂತ ದೊಡ್ಡದು ಧರೆ. ‘ವ್ಯೂ’ ಬೇಕೆಂದರೆ ಕಟ್ಟಡ ಇಳಿಜಾರಿನಲ್ಲೇ ಆಗಬೇಕು. ಇಳಿಜಾರಿನಲ್ಲಿ ಕಟ್ಟಲು ಜೆಸಿಬಿ ತಂದು ಗುಡ್ಡ ಸೀಳಬೇಕು, ಕಾರು ಹತ್ತಲು ಇನ್ನೊಂದು ಸೀಳು. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಭಾಗದಲ್ಲಿ ಗುಡ್ಡ ಜಾರಿದ್ದನ್ನು ಯಾರೂ ಮರೆತಿಲ್ಲ. ಅಲ್ಲಿಗೆ ಬಂದು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ವಿಪರೀತ ಮಳೆಯ ಜೊತೆಗೆ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದೂ ಕಾರಣ ಎಂದರು. ಮರುವರ್ಷವೇ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಜನ ಮನೆ, ತೋಟ ಕಳೆದುಕೊಂಡರು. ಕುಸಿದ ಗುಡ್ಡಗಳೆಲ್ಲ ಕಾಟೇಜಿನಿಂದಲೇ ಕುಸಿದವು ಎಂದು ನಾವು ಹೇಳುತ್ತಿಲ್ಲ. ಆದರೆ ಇಷ್ಟಾದ ಮೇಲೂ ಹೊಸ ಧರೆ ಕಡಿಯಲು ಅನುಮತಿ ಕೊಡುವವರು ಏನು ನೋಡಿ ಕೊಡುತ್ತಾರೆ? ಗುಡ್ಡ ಜಾರಿದ ದಿನ ಮಾಲೀಕ ಬೆಂಗಳೂರಿನಲ್ಲಿರುತ್ತಾನೆ. ಕೆಳಗೆ ಮಲಗಿರುವುದು ನಾವು.

‘ಹೋಮ್‌ಸ್ಟೇಯಿಂದ ನಮ್ಮ ಹುಡುಗರಿಗೆ ಕೆಲಸ ಸಿಕ್ಕಿದೆ, ಅದಕ್ಕೂ ಕಲ್ಲು ಹಾಕುತ್ತೀರಾ?’ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕಾಫಿ, ಮೆಣಸನ್ನೇ ನಂಬಿ ಬದುಕುವುದು ಕಷ್ಟ ಅಂತ ನಮಗೂ ಗೊತ್ತು. ಅದಕ್ಕೇ ಹೇಳುತ್ತಿರುವುದು: ಊರಿನವರು ತಮ್ಮ ಮನೆಯಲ್ಲಿ ನಡೆಸುವ ಹೋಮ್‌ಸ್ಟೇ ಉಳಿಯಬೇಕು. ಸಾಲ ಮಾಡಿ, ನಿಯಮ ಪಾಲಿಸಿ, ಅಡುಗೆ ಮಾಡಿ ಬಡಿಸುವ ಅಕ್ಕನ ಹೊಟ್ಟೆಗೆ ಹೊಡೆಯುತ್ತಿರುವುದೇ ಈ ಬೀಗದ ಕೈ ಕಾಟೇಜುಗಳು. ಅವರಿಗೆ ಅಡುಗೆಯವರ ಖರ್ಚಿಲ್ಲ, ಕಸದ ಖರ್ಚಿಲ್ಲ, ಎಷ್ಟೋ ಕಡೆ ವಾಸದ ಮನೆಯ ತೆರಿಗೆಯನ್ನೇ ಕಟ್ಟುತ್ತಾರೆ. ಬಾಡಿಗೆ ಇಳಿಸಲು ಅವರಿಗೇನು ಕಷ್ಟ?

‘ನನ್ನ ಜಾಗ, ನನ್ನ ಇಷ್ಟ’ ಎನ್ನುವವರೂ ಇದ್ದಾರೆ. ಜಾಗ ನಿಮ್ಮದು ಸರಿ. ಅಬ್ಬಿ ನೀರು, ಕೊಲ್ಲಿ, ಊರ ರಸ್ತೆ ನಿಮ್ಮೊಬ್ಬರದಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಗದ್ದೆಯಂಥ ಕೃಷಿ ಜಮೀನನ್ನು ಕೃಷಿಕರಲ್ಲದವರೂ ಕೊಳ್ಳಬಹುದು. ಕೊಂಡರೂ ಭೂ ಪರಿವರ್ತನೆ ಆಗದೆ ಅಲ್ಲಿ ವ್ಯಾಪಾರದ ಕಟ್ಟಡ ಏಳುವಂತಿಲ್ಲ. ಆ ನಿಯಮ ಇವತ್ತಿಗೂ ಇದೆ.

ಹಾಗಾದರೆ ನೀವು ಏನು ಮಾಡಬಹುದು? ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಮುಂದಿನ ಸಭೆಗೆ ಹೋಗಿ ಪಿಡಿಒ ಅವರನ್ನು ಈ ಐದು ಪ್ರಶ್ನೆ ಕೇಳಿ:

1. ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಎಷ್ಟು ಹೋಮ್‌ಸ್ಟೇ, ಕಾಟೇಜು ಇವೆ? ನೋಂದಣಿ ಆದವು ಎಷ್ಟು?
2. ಎಷ್ಟರಲ್ಲಿ ಮಾಲೀಕರ ಕುಟುಂಬ ವಾಸವಿದೆ?
3. ಎಷ್ಟು ಕಟ್ಟಡಗಳ ಜಮೀನು ಭೂ ಪರಿವರ್ತನೆ ಆಗಿದೆ?
4. ತೆರಿಗೆ ವಾಸದ ಲೆಕ್ಕದಲ್ಲಿ ಕಟ್ಟುತ್ತಾರೋ, ವಾಣಿಜ್ಯದ ಲೆಕ್ಕದಲ್ಲೋ?
5. ಅವರ ಕಸ, ಶೌಚದ ಗುಂಡಿಯ ನೀರು ಎಲ್ಲಿಗೆ ಹೋಗುತ್ತದೆ?

ಬಾಯಿಮಾತಿನ ಉತ್ತರ ಒಪ್ಪಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಸಭೆಯಲ್ಲಿ ಉತ್ತರ ಸಿಗದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಇದೇ ಐದು ಪ್ರಶ್ನೆ ಬರೆದುಕೊಡಿ. 30 ದಿನದೊಳಗೆ ಉತ್ತರ ಕೊಡಬೇಕು. ಒಬ್ಬರೇ ಹೋದರೆ ‘ಇವನಿಗೇನು ಹೊಟ್ಟೆಕಿಚ್ಚು’ ಅನ್ನುತ್ತಾರೆ. ಹತ್ತು ಜನ ಹೋಗಿ, ಮನೆಯಲ್ಲೇ ಇದ್ದು ಹೋಮ್‌ಸ್ಟೇ ನಡೆಸುವವರನ್ನೂ ಕರೆದುಕೊಂಡು ಹೋಗಿ. ಅವರಿಗೂ ಇದು ಬೇಕಾಗಿದೆ.